ಕವಿಯ ತಲೆಗೊಂದು ಶಿರಸ್ತ್ರಾಣ



ಹೆಲ್ಮೆಟ್ ಇಡುವುದಕ್ಕೆ ನಮ್ಮಲ್ಲಿ ಎರಡು ಜಾಗ. ಒಂದು ತಲೆ, ಇನ್ನೊಂದು ಸ್ಕೂಟರಿನ ಕನ್ನಡಿ. ಕನ್ನಡಿಗೆ ಸಿಕ್ಕಿಸಿಕೊಂಡು ಹೊರಡುವ ಮಹಾಶಯರು ಮುಂದಿನ ಸರ್ಕಲ್ಲಿನಲ್ಲಿ ಪೊಲೀಸರು ಕಂಡರೆ ಅವಸರವಸರವಾಗಿ ತಲೆಗೇರಿಸುತ್ತಾರೆ, ಸರ್ಕಲ್ ದಾಟಿದ ಮೇಲೆ ಮತ್ತೆ ಕನ್ನಡಿಗೆ. ದಂಡವೇನೋ ತಪ್ಪುತ್ತದೆ. ಆದರೆ ಬೀಳುವ ಗಳಿಗೆ ಪೊಲೀಸರನ್ನು ಕೇಳಿಕೊಂಡು ಬರುವುದಿಲ್ಲ. ದೇವರ ಮೇಲಿನ ನಂಬಿಕೆಯನ್ನೂ ನಮ್ಮಲ್ಲಿ ಬಹಳ ಮಂದಿ ಹೀಗೇ ಇಟ್ಟುಕೊಂಡಿದ್ದೇವೆ. ಹಬ್ಬಕ್ಕೆ, ಮದುವೆಗೆ, ಪರೀಕ್ಷೆಯ ಫಲಿತಾಂಶದ ಹಿಂದಿನ ರಾತ್ರಿಗೆ ಅದು ಬೇಕು. ಉಳಿದ ಹೊತ್ತು ಅದು ಕೈಗೆ ಸಿಗುವಷ್ಟು ದೂರದಲ್ಲಿ ತೂಗಾಡುತ್ತಿರುತ್ತದೆ.

ತಲೆ ಕಾಯುವ ಈ ಮಾತನ್ನು ಕ್ರೈಸ್ತರಿಗೆ ಮೊದಲು ಹೇಳಿದವನು ಪೌಲ. ಎಫೆಸದ ಸಭೆಗೆ ಬರೆದ ಪತ್ರಿಕೆಯ ಕೊನೆಯ ಅಧ್ಯಾಯದಲ್ಲಿ ಅವನು ರೋಮನ್ ಸೈನಿಕನ ಉಡುಪನ್ನು ಒಂದೊಂದಾಗಿ ಹೆಸರಿಸುತ್ತಾನೆ: ನಡುಕಟ್ಟು, ಎದೆಯ ಕವಚ, ಕಾಲಿನ ಕೆರ, ಗುರಾಣಿ, ಕತ್ತಿ. ಇವುಗಳ ನಡುವೆ ರಕ್ಷಣೆಯೆಂಬ ಶಿರಸ್ತ್ರಾಣ. ಬರೆಯುವಾಗ ತಾನು ಬೇಡಿಯಲ್ಲಿದ್ದೇನೆಂದು ಅವನೇ ಹೇಳಿಕೊಳ್ಳುತ್ತಾನೆ. ರೋಮಿನಲ್ಲಿ ಎರಡು ವರ್ಷ ಬಾಡಿಗೆ ಮನೆಯಲ್ಲಿ ಕಾವಲಿನ ಸೈನಿಕನೊಡನೆ ಅವನು ಕಳೆದನೆಂದು ಅಪೊಸ್ತಲರ ಕೃತ್ಯಗಳಲ್ಲಿದೆ. ಆ ಸೈನಿಕರ ಶಿರಸ್ತ್ರಾಣ ಕಂಚಿನದೋ ಕಬ್ಬಿಣದ್ದೋ ಇರುತ್ತಿತ್ತು. ಕೆನ್ನೆಗಳನ್ನು ಮುಚ್ಚುವ ಎರಡು ಫಲಕ, ಹಿಂದೆ ಕತ್ತಿನ ಮೇಲೆ ಚಾಚಿದ ಒಂದು ಅಂಚು. ಎದುರಿಗೆ ಬರುವ ಏಟನ್ನು ಗುರಾಣಿ ತಡೆಯಬಹುದು, ಹಿಂದಿನಿಂದ ಬೀಳುವ ಏಟಿಗೆ ಈ ಅಂಚೇ ಗತಿ.

ಈ ಚಿತ್ರ ಪೌಲನ ಸ್ವಂತದ್ದೂ ಅಲ್ಲ. ಯೆಶಾಯನ ಗ್ರಂಥದ 59ನೇ ಅಧ್ಯಾಯದಲ್ಲಿ ಅದು ಮೊದಲು ಬರುತ್ತದೆ, ಅಲ್ಲಿ ಆ ಶಿರಸ್ತ್ರಾಣವನ್ನು ಧರಿಸುವವನು ದೇವರು. ನ್ಯಾಯ ಮಣ್ಣುಪಾಲಾಗಿದೆ, ನಡುವೆ ಬಂದು ಬಿಡಿಸುವವರು ಯಾರೂ ಇಲ್ಲ ಎಂದು ಕಂಡು ದೇವರೇ ಕವಚ ತೊಟ್ಟು ಹೊರಡುತ್ತಾನೆ. ಪೌಲ ಆ ದೇವರ ಶಿರಸ್ತ್ರಾಣವನ್ನು ತಂದು ಎಫೆಸದ ಗುಲಾಮರ, ಹೆಂಗಸರ, ಅಂಗಡಿಯವರ ತಲೆಗೆ ಇಟ್ಟ. ಅವರವರ ತಲೆಯ ಅಳತೆ ನೋಡಿ ಮಾಡಿಸಿದ್ದಲ್ಲ ಅದು. ಅವರಿಗಿಂತ ದೊಡ್ಡದು. ನನ್ನ ಮಟ್ಟಿಗೆ ಇವತ್ತಿನ ಇಡೀ ಮಾತು ನಿಂತಿರುವುದು ಇದರ ಮೇಲೆ.

ಎಫೆಸದ ಪತ್ರಿಕೆಗಿಂತ ಹಿಂದೆ, ಕ್ರಿಸ್ತಶಕ 50ರ ಸುಮಾರಿಗೆ, ಥೆಸಲೋನಿಕದ ಸಭೆಗೆ ಬರೆದಾಗಲೂ ಪೌಲ ಇದೇ ಶಿರಸ್ತ್ರಾಣದ ಮಾತು ಎತ್ತಿದ್ದ. ಅಲ್ಲಿ ಅದನ್ನು ರಕ್ಷಣೆಯ ನಿರೀಕ್ಷೆ ಎಂದು ಕರೆದ. ಥೆಸಲೋನಿಕದವರ ಕಷ್ಟ ಏನಿತ್ತು? ಕ್ರಿಸ್ತ ಬೇಗ ಹಿಂದಿರುಗುತ್ತಾನೆಂದು ನಂಬಿ ಕಾದಿದ್ದರು. ಅಷ್ಟರಲ್ಲಿ ಅವರ ನಡುವೆಯೇ ಕೆಲವರು ತೀರಿಕೊಂಡರು. ಹೋದವರ ಗತಿ ಏನು, ಅವರಿಗೆ ಇದೆಲ್ಲ ತಪ್ಪಿಹೋಯಿತೇ ಎಂದು ಉಳಿದವರು ಕಂಗೆಟ್ಟರು. ಶಿರಸ್ತ್ರಾಣದ ಮಾತು ಹುಟ್ಟಿದ್ದು ಇಂಥ ಸಾವಿನ ಮನೆಗಳ ನಡುವೆ, ಪಂಡಿತರ ವಾದದ ಚಾವಡಿಯಲ್ಲಲ್ಲ. ಇದನ್ನು ಮರೆತು ಆ ವಾಕ್ಯಗಳ ಮೇಲೆ ಪ್ರಸಂಗ ಮಾಡುವವರೇ ಹೆಚ್ಚು.

ಪ್ರಶ್ನೆ ಕೇಳುವುದೇ ಪಾಪ ಎಂದು ಹೇಳುವ ಬೋಧಕರೂ ಇದ್ದಾರೆ. ಅವರಿಗೆ ಸ್ನಾನಿಕ ಯೋಹಾನನನ್ನು ನೆನಪಿಸಬೇಕು. ಯೊರ್ದನ್ ಹೊಳೆಯಲ್ಲಿ ಯೇಸುವಿಗೆ ದೀಕ್ಷಾಸ್ನಾನ ಕೊಟ್ಟವನೇ ಅವನು. ಮುಂದೆ ಹೆರೋದನ ಸೆರೆಮನೆಯಿಂದ ಶಿಷ್ಯರನ್ನು ಕಳಿಸಿ, ಬರಬೇಕಾದವನು ನೀನೇ ಹೌದೋ ಅಲ್ಲವೋ ಎಂದು ಕೇಳಿಸಿದ. ಯೇಸು ರೇಗಲಿಲ್ಲ. ಕುರುಡರು ಕಾಣುತ್ತಿದ್ದಾರೆ, ಕುಂಟರು ನಡೆಯುತ್ತಿದ್ದಾರೆ, ಕಂಡದ್ದನ್ನು ಹೋಗಿ ಹೇಳಿ ಎಂದು ಕಳಿಸಿದ. ಅವರು ಅತ್ತ ಹೋದ ಮೇಲೆ ಇತ್ತ ಜನರ ಮುಂದೆ ಯೋಹಾನನನ್ನು ಹೊಗಳಿದ. ತೋಮನ ಕತೆಯೂ ಎಲ್ಲರಿಗೂ ಗೊತ್ತು. ಗಾಯ ಮುಟ್ಟದೆ ನಂಬೆನೆಂದ ಆ ಮನುಷ್ಯನೇ ನಮ್ಮ ನಾಡಿಗೆ ಸುವಾರ್ತೆ ತಂದವನೆಂದು ಕೇರಳದ ಸಂಪ್ರದಾಯ ನಂಬಿಕೊಂಡು ಬಂದಿದೆ.

ಹಾಗಾದರೆ ಮನಸ್ಸನ್ನು ಯಾವ ಸಂಶಯದಿಂದ ಕಾಯಬೇಕು? ದೇವರು ಇದ್ದಾನೋ ಇಲ್ಲವೋ ಎಂಬುದಕ್ಕಿಂತ ಒಳಗಿನದೊಂದು ಸಂಶಯವಿದೆ. ದೇವರು ಇದ್ದಾನೆ, ದಯಾಳು, ಎಲ್ಲರನ್ನೂ ಕ್ಷಮಿಸುತ್ತಾನೆ, ನನ್ನೊಬ್ಬನನ್ನು ಬಿಟ್ಟು. ಇದಕ್ಕೆ ತರ್ಕದಲ್ಲಿ ಉತ್ತರವಿಲ್ಲ. ನೀವು ಯಾವ ವಾಕ್ಯ ತೋರಿಸಿದರೂ, ಅದು ನಿಮಗೆ, ನನಗಲ್ಲ ಎಂದು ಆ ಮನಸ್ಸು ಪಕ್ಕಕ್ಕೆ ಸರಿಸುತ್ತದೆ.

ಈ ಸಂಶಯವನ್ನು ಒಬ್ಬ ಮನುಷ್ಯನ ಬದುಕಿನಲ್ಲಿ ಪೂರ್ತಿ ನೋಡಬೇಕೆಂದರೆ ಇಂಗ್ಲೆಂಡಿನ ಓಲ್ನಿ ಎಂಬ ಊರಿಗೆ ಹೋಗಬೇಕು. ಗ್ರೇಟ್ ಊಸ್ ಹೊಳೆಯ ದಡದ ಸಣ್ಣ ಊರು. ಹೆಂಗಸರು ಮನೆಯಲ್ಲಿ ಕೂತು ಲೇಸು ಹೆಣೆದು ಜೀವನ ಸಾಗಿಸುತ್ತಿದ್ದ ಬಡವರ ಊರು. 1764ರಲ್ಲಿ ಅಲ್ಲಿಗೆ ಸಭಾಪಾಲಕನಾಗಿ ಬಂದವನು ಜಾನ್ ನ್ಯೂಟನ್. 1767ರಲ್ಲಿ ಅವನ ನೆರೆಗೆ ಬಂದು ನೆಲೆಸಿದವನು ಕವಿ ವಿಲಿಯಂ ಕೂಪರ್. ಪೇಟೆಚೌಕದಲ್ಲಿ ಕವಿಯ ಮನೆ, ಆರ್ಚರ್ಡ್ ಸೈಡ್. ಎರಡು ಮನೆಗಳ ನಡುವೆ ಇನ್ನೊಬ್ಬರ ತೋಟ. ಆ ತೋಟ ಹಾಯ್ದು ಹೋಗಲು ಗೆಳೆಯರಿಬ್ಬರೂ ವರ್ಷಕ್ಕೊಂದು ಗಿನಿ ಕೊಡುತ್ತಿದ್ದರು. ಅದಕ್ಕೆ ಗಿನಿ ಫೀಲ್ಡ್ ಎಂದೇ ಹೆಸರು ಬಿತ್ತು. ಗೆಳೆಯನ ಮನೆಗೆ ಹೋಗುವ ದಾರಿಗೆ ಬಾಡಿಗೆ ಕಟ್ಟಿದವರು ಚರಿತ್ರೆಯಲ್ಲಿ ಎಷ್ಟು ಮಂದಿ ಸಿಕ್ಕಾರು!

ನ್ಯೂಟನ್ನನ ಹಿಂದಿನ ಬದುಕು ಕೇಳಿದರೆ ಮೈ ನಡುಗುತ್ತದೆ. ಅವನು ಆಫ್ರಿಕಾದ ಜನರನ್ನು ಹಿಡಿದು ಸಾಗಿಸುವ ಗುಲಾಮರ ಹಡಗಿನ ಕಪ್ತಾನನಾಗಿದ್ದವನು. 1748ರಲ್ಲಿ ಸಮುದ್ರದ ಬಿರುಗಾಳಿಯಲ್ಲಿ ದೇವರಿಗೆ ಮೊರೆಯಿಟ್ಟನಾದರೂ, ಆಮೇಲೂ ಕೆಲವು ವರ್ಷ ಅದೇ ವ್ಯಾಪಾರದಲ್ಲಿದ್ದ. ಅದು ಘೋರ ಪಾಪವೆಂದು ಬಹಿರಂಗವಾಗಿ ಅಚ್ಚು ಹಾಕಿಸಿದ್ದು 1788ರಲ್ಲಿ. ಕೂಪರ್ ಯಾವ ಹಡಗನ್ನೂ ಏರಿದವನಲ್ಲ. ಆರು ವರ್ಷಕ್ಕೆ ತಾಯಿಯನ್ನು ಕಳೆದುಕೊಂಡ, ಶಾಲೆಯಲ್ಲಿ ದೊಡ್ಡ ಹುಡುಗನೊಬ್ಬನ ಕಾಟಕ್ಕೆ ಸಿಕ್ಕಿ ನರಳಿದ, ಕಾನೂನು ಓದಿದ. 1763ರಲ್ಲಿ ಪಾರ್ಲಿಮೆಂಟಿನ ಮೇಲ್ಮನೆಯಲ್ಲಿ ಗುಮಾಸ್ತೆಯ ಹುದ್ದೆಯೊಂದಕ್ಕೆ ಪರೀಕ್ಷೆ ಎದುರಿಸಬೇಕಾಗಿ ಬಂದಾಗ ಹೆದರಿಕೆಯಿಂದ ಬುದ್ಧಿಯ ಹಿಡಿತ ತಪ್ಪಿತು. ಪ್ರಾಣ ಬಿಡುವ ಯತ್ನವೂ ನಡೆಯಿತು. ಸೇಂಟ್ ಆಲ್ಬನ್ಸ್ ಊರಿನ ಡಾಕ್ಟರ್ ನಥಾನಿಯೆಲ್ ಕಾಟನ್ ಅವನನ್ನು ತನ್ನ ಆಸ್ಪತ್ರೆಯಲ್ಲಿಟ್ಟುಕೊಂಡು ಆ ಕಾಲಕ್ಕೆ ಅಪರೂಪವಾದ ಮಮತೆಯಿಂದ ನೋಡಿಕೊಂಡ. 1764ರಲ್ಲಿ ಅಲ್ಲಿ ಕೈಗೆ ಸಿಕ್ಕ ಸತ್ಯವೇದವನ್ನು ತೆರೆದಾಗ, ರೋಮಾಪುರದವರಿಗೆ ಬರೆದ ಪತ್ರಿಕೆಯ 3ನೇ ಅಧ್ಯಾಯ ಕಣ್ಣಿಗೆ ಬಿತ್ತು. ಕ್ರಿಸ್ತನ ರಕ್ತದಿಂದ ಪಾಪಕ್ಕೆ ಪ್ರಾಯಶ್ಚಿತ್ತವಾಗಿ ಹೋಗಿದೆ ಎಂಬ ಭಾಗ. ಕವಿಯ ಮನಸ್ಸು ಹಗುರಾಯಿತು.

ಕತೆ ಇಲ್ಲಿಗೆ ಮುಗಿದಿದ್ದರೆ ನಮ್ಮ ಸಾಕ್ಷಿಯ ಕೂಟಗಳಿಗೆ ಹೇಳಿ ಮಾಡಿಸಿದಂತಿರುತ್ತಿತ್ತು. ಮುಗಿಯಲಿಲ್ಲ.

ಓಲ್ನಿಯ ಕೂಟಗಳಿಗೆಂದು ಇಬ್ಬರೂ ಸೇರಿ ಕೀರ್ತನೆ ಬರೆಯಲು ಕೂತರು. ಇಂಗ್ಲಿಷ್ ಬಲ್ಲ ಲೋಕವೆಲ್ಲ ಇಂದು 'ಅಮೇಜಿಂಗ್ ಗ್ರೇಸ್' ಎಂದು ಹಾಡುವ ಕೀರ್ತನೆ ಆಗಿನದು. ನ್ಯೂಟನ್ 1773ರ ಜನವರಿ 1ರ ಪ್ರಸಂಗಕ್ಕೆ ಹೊಂದಿಸಿ ಬರೆದದ್ದು. ಅದೇ ಜನವರಿಯಲ್ಲಿ ಕೂಪರನ ಮನಸ್ಸು ಮತ್ತೆ ಕುಸಿಯಿತು. ಮುಂದಿನ ತಿಂಗಳು ಬಿದ್ದ ಒಂದು ಕನಸಿನಲ್ಲಿ, ನಿನ್ನ ಕತೆ ಮುಗಿಯಿತು, ನೀನು ನಾಶವಾದೆ ಎಂಬ ತೀರ್ಪು ಕೇಳಿಸಿತು. ಅದನ್ನು ಅವನು ಸಾಯುವವರೆಗೂ ನಂಬಿದ. ಕೃಪೆಯ ಹಾಡು ಹುಟ್ಟಿದ ಊರಿನಲ್ಲೇ, ಅದೇ ಚಳಿಗಾಲದಲ್ಲೇ, ಕೃಪೆ ತನಗಿಲ್ಲವೆಂದು ಒಬ್ಬ ಭಕ್ತ ನಿರ್ಧರಿಸಿಬಿಟ್ಟ. ಗುಲಾಮರ ಹಡಗು ನಡೆಸಿದವನಿಗೆ ತನ್ನ ರಕ್ಷಣೆಯ ಭರವಸೆ ಗಟ್ಟಿಯಾಗಿತ್ತು. ಯಾರಿಗೂ ಕೇಡು ಬಗೆಯದವನಿಗೆ ಭರವಸೆಯ ಒಂದು ಎಳೆಯೂ ಇರಲಿಲ್ಲ. ಭರವಸೆ ಎಂಬುದು ನಮ್ಮ ಯೋಗ್ಯತೆಯ ತೂಕ ನೋಡಿ ಬರುವುದಿಲ್ಲ ಎಂಬುದಕ್ಕೆ ಇಷ್ಟು ಸಾಕು. ಒಮ್ಮೊಮ್ಮೆ ನನಗೆ ಇದು ಅನ್ಯಾಯವೆಂದೇ ತೋರುತ್ತದೆ.

ಗಮನಿಸಿ, ಕೂಪರನಿಗೆ ದೇವರ ಮೇಲೆ ಸಂಶಯವಿರಲಿಲ್ಲ. ಕ್ರೈಸ್ತ ನಂಬಿಕೆಯ ಒಂದೊಂದು ಅಂಶವನ್ನೂ ಒಪ್ಪುತ್ತಿದ್ದ. ಪಟ್ಟಿಯಲ್ಲಿ ತನ್ನ ಹೆಸರೊಂದಿಲ್ಲ, ಅಷ್ಟೇ. ತನಗೆ ಪ್ರಾರ್ಥಿಸುವ ಅಧಿಕಾರವೂ ಇಲ್ಲ ಎಂದುಕೊಂಡ. ಮತ್ತೆ ಗುಡಿಯೊಳಗೆ ಕಾಲಿಡಲಿಲ್ಲ.

ಆಗ ನ್ಯೂಟನ್ ಏನು ಮಾಡಿದ? ಅವನು ವಾದದಲ್ಲಿ ಸಣ್ಣವನಲ್ಲ. ಪತ್ರ ಬರೆದು ದೂರದ ಊರಿನವರ ಸಂದೇಹಗಳನ್ನೆಲ್ಲ ಬಿಡಿಸುತ್ತಿದ್ದವನು. ಆದರೂ ಗೆಳೆಯನ ಎದುರು ವಾಕ್ಯಗಳನ್ನು ಸುರಿದು ಕಾಯಿಲೆ ಗುಣವಾಗುತ್ತದೆಂದು ಕಾಯುತ್ತ ಕೂರಲಿಲ್ಲ. 1773ರ ಏಪ್ರಿಲಿನಲ್ಲಿ ಕೂಪರ್ ನ್ಯೂಟನ್ನನ ಮನೆಗೆ ಬಂದ. ಬಂದವನು ಹಿಂದಿರುಗಲು ಒಪ್ಪದೆ ಮರುವರ್ಷದ ಮೇ ತಿಂಗಳವರೆಗೆ, ವರ್ಷಕ್ಕೂ ಮೇಲೆ, ಅಲ್ಲೇ ಉಳಿದ. ತಾಯಿಯಂತೆ ಕಾಯುತ್ತಿದ್ದ ಮೇರಿ ಅನ್ವಿನ್ ಕೂಡ ಜೊತೆಗಿದ್ದಳು. ತನ್ನ ಮನೆ ಅಲ್ಲೇ ಕೂಗಳತೆಯಲ್ಲಿರುವ ಅತಿಥಿ ವರ್ಷಗಟ್ಟಲೆ ಕದಲದಿದ್ದರೆ ಎಂಥವರಿಗಾದರೂ ಸಾಕಾಗುತ್ತದೆ. ನ್ಯೂಟನ್ ದಂಪತಿಗಳಿಗೂ ಕಷ್ಟವಾಗದೆ ಇರಲಿಲ್ಲ. ಆದರೆ ಹೊರಗೆ ಹಾಕಲಿಲ್ಲ.

ಕವಿ ಬರುಬರುತ್ತ ಮಣ್ಣು ಮುಟ್ಟಿದ, ಗಿಡ ನೆಟ್ಟ, ಬಡಗಿ ಕೆಲಸಕ್ಕೆ ಕೈ ಹಾಕಿದ. 1774ರಲ್ಲಿ ಮೂರು ಕಾಡುಮೊಲ ಸಾಕಿದ. ಪಸ್, ಟೈನಿ, ಬೆಸ್ ಎಂದು ಹೆಸರು. ಮೂರೂ ಗಂಡು, ಟೈನಿ ಮಹಾ ಸಿಡುಕ. 1782ರಲ್ಲಿ ಲೇಡಿ ಆಸ್ಟಿನ್ ಎಂಬ ಗೆಳತಿ ಒಂದು ಸಂಜೆ ಮಂಕಾಗಿ ಕೂತಿದ್ದವನಿಗೆ, ಕುದುರೆಯ ಮೇಲೆ ಹಿಡಿತ ತಪ್ಪಿದ ಬಟ್ಟೆ ವ್ಯಾಪಾರಿಯ ಕತೆ ಹೇಳಿದಳು. ರಾತ್ರಿಯೆಲ್ಲ ನಕ್ಕು ಅದನ್ನೇ ಪದ್ಯ ಮಾಡಿದ. ಅದೇ 'ಜಾನ್ ಗಿಲ್ಪಿನ್'. ತಾನು ನರಕಕ್ಕೇ ಹೋಗುವವನೆಂದು ಖಚಿತವಾಗಿ ನಂಬಿದ ಮನುಷ್ಯ ಇಂಗ್ಲಿಷಿನ ಅತ್ಯಂತ ತಮಾಷೆಯ ಪದ್ಯಗಳಲ್ಲೊಂದನ್ನು ಬರೆದ. ಮನಸ್ಸಿನ ಬಗ್ಗೆ ನಮಗೆ ಗೊತ್ತಿರುವುದು ಎಷ್ಟು ಕಡಿಮೆ!

ಇಲ್ಲಿ ಒಂದು ಮಾತು ನೇರವಾಗಿ ಹೇಳಬೇಕು. ಕೂಪರನಿಗೆ ಇದ್ದದ್ದು ಇವತ್ತಿನ ಮಾತಿನಲ್ಲಿ ತೀವ್ರ ಖಿನ್ನತೆ. ಅದು ಕಾಯಿಲೆ. ಸಭೆಗಳಲ್ಲಿ ಇಂಥವರಿಗೆ, ಪ್ರಾರ್ಥನೆ ಸಾಲದು, ನಂಬಿಕೆ ಸಾಲದು, ಎಲ್ಲೋ ಮುಚ್ಚಿಟ್ಟ ಪಾಪ ಇರಬೇಕು ಎಂದು ಹೇಳಿ ಗಾಯದ ಮೇಲೆ ಉಪ್ಪು ಸುರಿಯುವವರು ಈಗಲೂ ಇದ್ದಾರೆ. ಮಾತ್ರೆ ತೆಗೆದುಕೊಳ್ಳುವುದು ಅವಿಶ್ವಾಸ ಎನ್ನುವವರೂ ಉಂಟು. ಪೌಲನ ಜೊತೆಗೇ ಲೂಕನೆಂಬ ವೈದ್ಯನಿದ್ದನೆಂಬುದನ್ನು ಅವರು ಓದಿರಲಾರರು. ಕೇಳುತ್ತಿರುವವರಲ್ಲಿ ಯಾರಿಗಾದರೂ ಬದುಕೇ ಬೇಡವೆನ್ನಿಸುತ್ತಿದ್ದರೆ ವೈದ್ಯರ ಬಳಿಗೆ ಹೋಗಿ. ಹೊರಡುವ ಶಕ್ತಿಯೂ ಇಲ್ಲದಿದ್ದರೆ ಟೆಲಿ ಮಾನಸ್ ಸಹಾಯವಾಣಿ ಇದೆ, 14416. ಕೇಂದ್ರ ಸರ್ಕಾರದ ಸೇವೆ, ನಮ್ಮ ನಿಮ್ಹಾನ್ಸ್ ಅದರ ಹಿಂದಿದೆ, ಕನ್ನಡದಲ್ಲೇ ಮಾತಾಡಬಹುದು.

ಹಾಗಿದ್ದರೆ ಶಿರಸ್ತ್ರಾಣ ಯಾವುದಕ್ಕೆ ಬಂತು ಎಂದು ಕೇಳುತ್ತೀರಿ. ರಕ್ಷಣೆಯ ನಂಬಿಕೆ ಮನಸ್ಸನ್ನು ಕಾಯುತ್ತದೆ ಎಂದರೆ ಕೂಪರನ ಮನಸ್ಸನ್ನು ಏಕೆ ಕಾಯಲಿಲ್ಲ?

ಮನಸ್ಸನ್ನು ಮನಸ್ಸೇ ಕಾಯಬೇಕೆಂದರೆ ಕಾಯುವುದಿಲ್ಲ, ಇದು ನನ್ನ ಉತ್ತರದ ಒಂದು ಭಾಗ. ಬೆಳಿಗ್ಗೆ ಎದ್ದು ಇವತ್ತು ನನ್ನ ನಂಬಿಕೆ ಎಷ್ಟಿದೆ ಎಂದು ನಾಡಿ ಹಿಡಿದು ನೋಡುವವನಿಗೆ ನೆಮ್ಮದಿ ಇಲ್ಲ. ನಿನ್ನೆ ಇದ್ದ ಉತ್ಸಾಹ ಇಂದು ಇರುವುದಿಲ್ಲ, ಪಿತ್ತವೋ ನಿದ್ದೆಗೇಡೋ ಅದನ್ನು ತಿಂದಿರುತ್ತದೆ. ಕ್ರೈಸ್ತರು ರಕ್ಷಣೆ ಎಂದು ಕರೆಯುವುದು ಯೆರೂಸಲೇಮಿನ ಊರಾಚೆ, ಪೊಂತ್ಯ ಪಿಲಾತನ ಕಾಲದಲ್ಲಿ, ಒಂದು ಶಿಲುಬೆಯ ಮೇಲೆ ನಡೆದುಹೋದ ಕೆಲಸ. ನಮ್ಮ ಒಳಗೆ ಏನು ನಡೆದರೂ ಅದು ನಡೆದದ್ದು ನಡೆದದ್ದೇ. ಮಾರ್ಟಿನ್ ಲೂಥರ್ ಇದನ್ನು ಚೆನ್ನಾಗಿ ಬಲ್ಲ. ಅವನಿಗೂ ಈ ಸಂಶಯದ ಕಾಟ ತಪ್ಪಿದ್ದಲ್ಲ. ಅದು ಬಂದಾಗ ಅವನು ತನ್ನ ಭಕ್ತಿಯನ್ನು ನೆನೆಯುತ್ತಿರಲಿಲ್ಲ, ತನಗೆ ದೀಕ್ಷಾಸ್ನಾನವಾಗಿದೆ ಎಂಬುದನ್ನು ನೆನೆಯುತ್ತಿದ್ದ. ಹಸುಗೂಸಾಗಿದ್ದಾಗ ಯಾರೋ ತಲೆಯ ಮೇಲೆ ನೀರು ಹಾಕಿದ್ದು. ಅದರಲ್ಲಿ ಅವನ ಸಾಧನೆ ಎಳ್ಳಷ್ಟೂ ಇಲ್ಲ. ಆದ್ದರಿಂದಲೇ ಅದನ್ನು ಸಂಶಯ ಕಿತ್ತುಕೊಳ್ಳಲಾರದು.

ಅದೇ ಲೂಥರ್ 1530ರಲ್ಲಿ ಜೆರೋಮ್ ವೆಲ್ಲರ್ ಎಂಬ ಕಿರಿಯ ಗೆಳೆಯನಿಗೆ ಪತ್ರ ಬರೆದ. ವೆಲ್ಲರ್ ಹತಾಶೆಗೆ ಬಿದ್ದಿದ್ದ. ಇನ್ನಷ್ಟು ಉಪವಾಸ ಮಾಡು, ಇನ್ನಷ್ಟು ಜಾಗರಣೆ ಮಾಡು ಎಂದು ಲೂಥರ್ ಬರೆಯಲಿಲ್ಲ. ಒಬ್ಬನೇ ಇರಬೇಡ, ಜನರ ನಡುವೆ ಕೂರು, ತಿನ್ನು, ಕುಡಿ, ತಮಾಷೆ ಮಾಡು, ಆಟವಾಡು ಎಂಬ ಅರ್ಥದ ಬುದ್ಧಿಮಾತು ಅದರಲ್ಲಿದೆ. ಸೈತಾನನ ಜೊತೆ ಏಕಾಂತದಲ್ಲಿ ವಾದಕ್ಕಿಳಿದರೆ ಸೋಲು ಖಂಡಿತ ಎಂದು ಅವನ ಅನುಭವ. ಮಠದ ಕೋಣೆಯಲ್ಲಿ ಸಾಕಷ್ಟು ವಾದ ಮಾಡಿ ನೋಡಿದವನಲ್ಲವೇ.

ಉತ್ತರದ ಇನ್ನೊಂದು ಭಾಗ ನನಗೆ ಸಿಕ್ಕಿದ್ದು ಓಲ್ನಿಯಿಂದ ಅದೇ ಹೊಳೆಗುಂಟ ಕೆಳಗೆ ಹೋದರೆ ಸಿಗುವ ಬೆಡ್‌ಫರ್ಡಿನಲ್ಲಿ. ಕೂಪರನಿಗಿಂತ ನೂರು ವರ್ಷ ಹಿಂದೆ ಅಲ್ಲಿಯ ಸೆರೆಮನೆಯಲ್ಲಿ ಹನ್ನೆರಡು ವರ್ಷ ಇದ್ದವನು ಜಾನ್ ಬನ್ಯನ್. ಪಾತ್ರೆ ರಿಪೇರಿ ಮಾಡುವ ಕಸುಬಿನವನು. ಅವನಿಗೂ ತಾನು ಕ್ಷಮೆಗೆ ಹೊರತಾದವನು ಎಂಬ ಸಂಶಯ ವರ್ಷಗಟ್ಟಲೆ ಅಂಟಿತ್ತು. 1678ರಲ್ಲಿ ಅಚ್ಚಾದ ಅವನ ಯಾತ್ರಿಕನ ಕತೆಯನ್ನು ಬಾಸೆಲ್ ಮಿಷನ್ನಿನವರು ಹತ್ತೊಂಬತ್ತನೇ ಶತಮಾನದಲ್ಲೇ 'ಯಾತ್ರಿಕನ ಸಂಚಾರ' ಎಂದು ಕನ್ನಡಕ್ಕೆ ತಂದರು. ಕರಾವಳಿಯ, ಧಾರವಾಡದ ಹಳೆಯ ಕ್ರೈಸ್ತ ಮನೆಗಳಲ್ಲಿ ಆ ಪುಸ್ತಕದ ಹೆಸರು ಕೇಳದವರು ಕಡಿಮೆ. ಅದರಲ್ಲಿ ಸಂಶಯದ ಕೋಟೆ ಇದೆ, ಹತಾಶೆ ಎಂಬ ರಾಕ್ಷಸ ಅದರ ಒಡೆಯ. ಯಾತ್ರಿಕ ಕ್ರಿಶ್ಚಿಯನ್ನನೂ ಅವನ ಜೊತೆಗಾರ ಹೋಪ್‌ಫುಲ್ಲನೂ ಅಲ್ಲಿ ಸೆರೆ ಸಿಕ್ಕುತ್ತಾರೆ. ಏಟು ತಿಂದು ತಿಂದು ಕ್ರಿಶ್ಚಿಯನ್ ಸಾಯುವುದೇ ವಾಸಿ ಎನ್ನುತ್ತಾನೆ. ವಾಗ್ದಾನ ಎಂಬ ಬೀಗದಕೈ ತನ್ನ ಎದೆಯ ಬಳಿಯೇ ಇದೆ ಎಂಬುದು ಹೊಳೆದು ಅವರು ಪಾರಾಗುವ ಪ್ರಸಂಗವನ್ನು ಎಲ್ಲರೂ ಹೇಳುತ್ತಾರೆ. ಆದರೆ ಅದು ಹೊಳೆಯುವವರೆಗೆ ಅವನನ್ನು ಬದುಕಿಸಿಕೊಂಡವನು ಪಕ್ಕದಲ್ಲಿದ್ದ ಹೋಪ್‌ಫುಲ್. ಪುಸ್ತಕದ ಕೊನೆಯಲ್ಲಿ ಮರಣದ ಹೊಳೆ ದಾಟುವಾಗಲೂ ಕ್ರಿಶ್ಚಿಯನ್ ಮುಳುಗುತ್ತಾನೆ, ಮತ್ತೆ ಅದೇ ಸಂಶಯ. ಹೋಪ್‌ಫುಲ್ ಅವನ ತಲೆಯನ್ನು ನೀರಿನ ಮೇಲೆ ಎತ್ತಿ ಹಿಡಿದುಕೊಂಡು ದಾಟಿಸುತ್ತಾನೆ. ತಲೆಯನ್ನೇ, ಗಮನಿಸಿ.

ಶಿರಸ್ತ್ರಾಣ ಒಬ್ಬೊಬ್ಬರೇ ಕನ್ನಡಿಯ ಮುಂದೆ ನಿಂತು ತೊಟ್ಟುಕೊಳ್ಳುವ ವಸ್ತುವೆಂದು ನಾವು ತಿಳಿದಿದ್ದೇವೆ. ಪೌಲ ಆ ಪತ್ರ ಬರೆದದ್ದು ಒಂದು ಸಭೆಗೆ, ಒಟ್ಟಿಗೆ ಕೂತು ಕೇಳಿಸಿಕೊಂಡ ಜನಕ್ಕೆ. ಮಾರ್ಕನ ಸುವಾರ್ತೆಯ 2ನೇ ಅಧ್ಯಾಯದಲ್ಲಿ ಕಪೆರ್ನೌಮಿನ ಒಬ್ಬ ಪಾರ್ಶ್ವವಾಯು ರೋಗಿಯನ್ನು ನಾಲ್ವರು ಹೊತ್ತು ತರುತ್ತಾರೆ. ಗುಂಪಿನಲ್ಲಿ ದಾರಿಯಿಲ್ಲ. ಮಾಳಿಗೆ ಹತ್ತಿ, ಸೂರು ಕಿತ್ತು, ಹಾಸಿಗೆ ಸಮೇತ ಅವನನ್ನು ಯೇಸುವಿನ ಮುಂದೆ ಇಳಿಸುತ್ತಾರೆ. ಯೇಸು ಆ ಹೊತ್ತು ತಂದವರ ನಂಬಿಕೆಯನ್ನು ನೋಡಿ, ಮಲಗಿದ್ದವನಿಗೆ ಪಾಪಕ್ಷಮೆಯ ಮಾತು ಹೇಳಿದನೆಂದು ಮಾರ್ಕ ಬರೆಯುತ್ತಾನೆ. ಹಾಸಿಗೆಯ ಮೇಲಿದ್ದವನು ಏನು ನಂಬಿದ್ದನೋ ಮಾರ್ಕ ಒಂದಕ್ಷರ ಹೇಳುವುದಿಲ್ಲ. ಆ ಮನೆಯ ಯಜಮಾನ ಸೂರಿನ ಬಗ್ಗೆ ಏನೆಂದನೋ ಅದನ್ನೂ ಹೇಳುವುದಿಲ್ಲ.

ಕೂಪರ್ ತನ್ನ ತಲೆಗೆ ತಾನೇ ಶಿರಸ್ತ್ರಾಣ ಇಟ್ಟುಕೊಳ್ಳಲಾರದ ಸ್ಥಿತಿಯಲ್ಲಿ 27 ವರ್ಷ ಬದುಕಿದ. ನೋವು ಹೋಗಲಿಲ್ಲ, ಅದನ್ನು ಮುಚ್ಚಿ ಹೇಳಿದರೆ ಸುಳ್ಳಾಗುತ್ತದೆ. 1796ರಲ್ಲಿ ಮೇರಿ ಅನ್ವಿನ್ ತೀರಿಕೊಂಡಳು. 1799ರಲ್ಲಿ ಬರೆದ 'ದಿ ಕ್ಯಾಸ್ಟ್‌ಅವೇ' ಪದ್ಯದಲ್ಲಿ, ಹಡಗಿನಿಂದ ಕಡಲಿಗೆ ಬಿದ್ದು ಮುಳುಗಿದ ನಾವಿಕನಿಗಿಂತ ಆಳದಲ್ಲಿ ತಾನಿದ್ದೇನೆಂದು ಕಂಡುಕೊಂಡ. 1800ರ ಏಪ್ರಿಲ್ 25ರಂದು ಈಸ್ಟ್ ಡೀರಮ್ಮಿನಲ್ಲಿ ತೀರಿಕೊಂಡ. ಆದರೆ ಆ 27 ವರ್ಷಗಳಲ್ಲಿ ಅವನನ್ನು ಕಾದವರೊಬ್ಬರೂ ಅವನು ತನ್ನ ಮೇಲೆ ತಾನೇ ಬರೆದುಕೊಂಡ ತೀರ್ಪಿಗೆ ಸಹಿ ಹಾಕಲಿಲ್ಲ. ಅವರ ಲೆಕ್ಕದಲ್ಲಿ ಶಿಲುಬೆಯ ಮೇಲೆ ನಡೆದ ಕೆಲಸ ಕೂಪರನ ಒಪ್ಪಿಗೆಗೆ ಕಾಯುತ್ತಿರಲಿಲ್ಲ.

1779ರಲ್ಲಿ 'ಓಲ್ನಿ ಹಿಮ್ಸ್' ಅಚ್ಚಾದಾಗ ಅದರಲ್ಲಿ ಒಟ್ಟು 348 ಕೀರ್ತನೆಗಳಿದ್ದವು, ಬಹುಪಾಲು ನ್ಯೂಟನ್ನನವೇ. ಗೆಳೆಯನ ಕಾಯಿಲೆಯಿಂದ ಕೆಲಸ ನಿಂತುಹೋಗಿತ್ತು. ಅವನಿಲ್ಲದೆ ಮುಂದುವರಿಸಲು ತನಗೆ ಮನಸ್ಸು ಬಂದಿರಲಿಲ್ಲ ಎಂದು ನ್ಯೂಟನ್ ಮುನ್ನುಡಿಯಲ್ಲಿ ತೋಡಿಕೊಂಡಿದ್ದಾನೆ. ಹಾಡಲು ತನಗೆ ಹಕ್ಕಿಲ್ಲವೆಂದು ಕವಿ ಮನೆಯಲ್ಲೇ ಉಳಿದಿದ್ದ ಕಾಲ ಅದು. ಅವನ ಕೀರ್ತನೆಗಳನ್ನು ನ್ಯೂಟನ್ ಕೈಬಿಡಲಿಲ್ಲ, ತನ್ನವುಗಳಲ್ಲಿ ಬೆರೆಸಿಯೂ ಬಿಡಲಿಲ್ಲ. ಒಂದೊಂದರ ತಲೆಯ ಮೇಲೂ 'ಸಿ' ಎಂಬ ಅಕ್ಷರ ಹಾಕಿಸಿ, ಇದು ಕೂಪರನದು ಎಂದು ಗುರುತಿಟ್ಟು, ಸಭೆಯವರ ಕೈಗೆ ಹಾಡಲು ಕೊಟ್ಟ.